ಚಿಕ್ಕ ಹಸಿರುಮನೆಯ ಗಾಳಿಯಾಟ: ಋತುಮಾನದ ಟಿಪ್ಪಣಿಗಳು

ಹಿತ್ತಲಿನ ಚಿಕ್ಕ ಹಸಿರುಮನೆಯಲ್ಲಿ ನಾನು ಅತಿ ಹೆಚ್ಚು ಗಮನ ಕೊಡುವುದು ಗಾಳಿಯಾಟಕ್ಕೆ. ಗೊಬ್ಬರ, ಬೀಜಗಳ ವಿಚಾರ ಹೊರಗಿನ ಮಡಿಗೂ ಒಳಗಿನ ಕುಂಡಕ್ಕೂ ಹೆಚ್ಚುಕಡಿಮೆ ಒಂದೇ. ಮುಚ್ಚಿದ ಛಾವಣಿಯ ಕೆಳಗೆ ನಿಂತ ಗಾಳಿ ಮಾತ್ರ ಋತು ಬದಲಾದಂತೆ ಬೇರೆ ಬೇರೆ ತೊಂದರೆ ತರುತ್ತದೆ.

ಚಳಿಗಾಲದ ಕೊನೆಯಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ ಬೀಜಗಳನ್ನು ಟ್ರೇಗಳಲ್ಲಿ ಬಿತ್ತುತ್ತೇನೆ. ಮಣ್ಣಿನ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಟೊಮೆಟೊ ಸುಮಾರು ಒಂದು ವಾರದಲ್ಲಿ ಮೊಳೆಯುತ್ತದೆ, ಮೆಣಸಿಗೆ ಇನ್ನೂ ಕೆಲವು ದಿನ ಬೇಕು. ಚಳಿಗೆ ಹೆದರಿ ಕಿಟಕಿಗಳನ್ನು ಹಗಲಿಡೀ ಮುಚ್ಚಿಟ್ಟರೆ ತೇವ ಹೊರಹೋಗದೆ ಪಿಥಿಯಂ, ರೈಜೋಕ್ಟೋನಿಯಾದಂಥ ರೋಗಾಣುಗಳು ಎಳೆಯ ಕಾಂಡದ ಬುಡವನ್ನು ಕೊಳೆಸುತ್ತವೆ; ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಮಣ್ಣಿಗೊರಗಿರುತ್ತದೆ. ಆದ್ದರಿಂದ ಬಿಸಿಲೇರಿದ ಮೇಲೆ ಮೇಲಿನ ಕಿಟಕಿ ತೆರೆದು, ಇಳಿಯುವ ಮುನ್ನ ಮುಚ್ಚುತ್ತೇನೆ. ನೀರನ್ನು ಬೆಳಗಿನ ಹೊತ್ತು, ಟ್ರೇಯ ತಳದಿಂದ ಹೀರಿಕೊಳ್ಳುವಂತೆ ಕೊಡುತ್ತೇನೆ. ಬೀಜವನ್ನು ತೆಳುವಾಗಿ ಬಿತ್ತುವುದು ಯಾವ ಔಷಧಿಗಿಂತಲೂ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ.

ಬೇಸಿಗೆಯ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಹೂವಿನ ಪರಾಗ ಶಕ್ತಿಗುಂದುತ್ತದೆ. ಗಿಡ ಹಚ್ಚಗೆ ಕಂಡರೂ ಹೂಗಳು ಕಾಯಿ ಕಟ್ಟದೆ ಉದುರುತ್ತವೆ. ಬಿಸಿಗಾಳಿ ಮೇಲೇರುವುದರಿಂದ ಛಾವಣಿಯ ತುದಿಯಲ್ಲಿ ಒಂದು ಕಿಟಕಿಯನ್ನೂ ನೆಲಕ್ಕೆ ಹತ್ತಿರದಲ್ಲಿ ಇನ್ನೊಂದನ್ನೂ ಇರಿಸಿಕೊಂಡಿದ್ದೇನೆ; ಕೆಳಗಿನಿಂದ ತಂಪು ಗಾಳಿ ಬಾರದೆ ಮೇಲಿನದು ಹೊರಹೋಗುವುದಿಲ್ಲ. ಶೇಕಡಾ 50ರ ನೆರಳು ಪರದೆಯನ್ನು ಛಾವಣಿಯ ಹೊರಮೈ ಮೇಲೆಯೇ ಎಳೆಯುತ್ತೇನೆ, ಏಕೆಂದರೆ ಒಳಗೆ ಕಟ್ಟಿದ ಪರದೆ ತಾನೇ ಕಾಯ್ದು ಆ ಬಿಸಿಯನ್ನು ಒಳಗೇ ಬಿಡುತ್ತದೆ. ಗಾಳಿ ಅಲುಗಿಸದ ಹೂವಿನಲ್ಲಿ ಪರಾಗ ಸರಿಯಾಗಿ ಉದುರದ ಕಾರಣ, ನಡುಹಗಲಿಗೆ ಮುನ್ನ ಆಸರೆ ಕೋಲುಗಳನ್ನು ಮೆಲ್ಲಗೆ ತಟ್ಟುತ್ತಾ ಸಾಗುತ್ತೇನೆ; ನಾನು ಅತ್ಯಂತ ಪ್ರೀತಿಯಿಂದ ಮಾಡುವ ಕೆಲಸವಿದು. ಮಣ್ಣು ಒಮ್ಮೆ ಒಣಗಿ ಒಮ್ಮೆ ತೊಯ್ದರೆ ಕ್ಯಾಲ್ಸಿಯಂ ಕಾಯಿಗೆ ತಲುಪದೆ ಅದರ ತುದಿ ಕಪ್ಪಾಗಿ ಕೊಳೆಯುವುದರಿಂದ, ಕುಂಡಗಳಿಗೆ ಒಣ ಎಲೆಯ ಹೊದಿಕೆ ಹಾಕಿ ತೇವವನ್ನು ಒಂದೇ ಸಮನಾಗಿ ಕಾಯುತ್ತೇನೆ.

ಮಳೆಯ ದಿನಗಳಲ್ಲಿ ನೆರಳು ಪರದೆ ತೆಗೆಯುತ್ತೇನೆ, ಬುಡದ ಎಲೆಗಳನ್ನು ಸವರುತ್ತೇನೆ, ಬಿಳಿ ನೊಣಕ್ಕೆ ಹಳದಿ ಅಂಟು ಪಟ್ಟಿ ತೂಗುಹಾಕುತ್ತೇನೆ. ಹೊರಗಿನ ಮಡಿಗೆ ಹೋಗಬೇಕಾದ ಸಸಿಗಳನ್ನು ಒಂದು ವಾರದಿಂದ ಹತ್ತು ದಿನಗಳ ಕಾಲ, ಮೊದಲು ನೆರಳಿನಲ್ಲಿ, ಆಮೇಲೆ ಎಳೆಬಿಸಿಲಿನಲ್ಲಿ ಇಟ್ಟು ಹೊರಗಿನ ಗಾಳಿಗೆ ಒಗ್ಗಿಸಿದ ಮೇಲೆಯೇ ನಾಟಿ ಮಾಡುತ್ತೇನೆ.