ಗ್ರೇಫೆ ತೋರಿಸಿದ ದಾರಿಯಲ್ಲಿ ನನ್ನ ಕೆಲಸ

ವಿಪರೀತ ತಲೆನೋವು, ವಾಂತಿ, ಒಂದು ಕಣ್ಣು ಕೆಂಪು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅಂತ ಯಾರಾದರೂ ಬಂದರೆ ನಾನು ಮೊದಲು ಕಣ್ಣಿನ ಒತ್ತಡ ನೋಡುತ್ತೇನೆ. ಪಾದರಸದ 21 ಮಿಲಿಮೀಟರ್ ಒಳಗೆ ಇರಬೇಕಾದದ್ದು ಎಷ್ಟೋ ಸಲ 50 ದಾಟಿರುತ್ತದೆ. ಕೆಲವರು ಅಷ್ಟರಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಅಮೂಲ್ಯವಾದ ಸಮಯ ಕಳೆದುಕೊಂಡಿರುತ್ತಾರೆ. ಇದು ದಿಢೀರನೆ ಬರುವ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿ ನರ ಹಾಳಾಗುವ ಕಾಯಿಲೆ. ಹಿಂದೆ ಇದು ಬಂದರೆ ಕಣ್ಣು ಹೋಯಿತು ಅಂತಲೇ ಲೆಕ್ಕ.

1857ರಲ್ಲಿ ಬರ್ಲಿನ್‌ನ ಕಣ್ಣಿನ ವೈದ್ಯ ಆಲ್ಬ್ರೆಕ್ಟ್ ಫೋನ್ ಗ್ರೇಫೆ ಆ ಲೆಕ್ಕ ಬದಲಿಸಿದರು. ಆಗ ಅವರಿಗಿನ್ನೂ 29 ವರ್ಷ. ಬೇರೆ ಕಾಯಿಲೆಗಾಗಿ ಐರಿಸ್‌ನ (ಕಣ್ಣಿನ ಬಣ್ಣದ ಪೊರೆಯ) ಒಂದು ಚೂರು ಕತ್ತರಿಸಿ ತೆಗೆದರೆ ಕಣ್ಣು ಮೆತ್ತಗಾಗುವುದನ್ನು ಅವರು ಗಮನಿಸಿದ್ದರು. ಹಾಗಾದರೆ ಗ್ಲಾಕೋಮಾಕ್ಕೂ ಇದನ್ನೇ ಮಾಡಿದರೆ? ಮಾಡಿದರು, ಕಣ್ಣುಗಳು ಉಳಿದವು. ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವ ಸರಿಯಾದ ವಿವರಣೆ ಬಂದದ್ದು 20ನೇ ಶತಮಾನದಲ್ಲಿ. ಐರಿಸ್‌ನ ಹಿಂದೆ ನೀರು ಸಿಕ್ಕಿಕೊಂಡು, ಐರಿಸನ್ನು ಮುಂದಕ್ಕೆ ದೂಡಿ, ನೀರು ಹೊರಹೋಗುವ ಮೂಲೆಯನ್ನೇ ಮುಚ್ಚಿಬಿಡುತ್ತದೆ. ತೂತು ಬಿದ್ದರೆ ನೀರಿಗೆ ಅಡ್ಡದಾರಿ ಸಿಗುತ್ತದೆ.

ನನಗೆ ಅವರ ಮೇಲೆ ಜಾಸ್ತಿ ಗೌರವ ಹುಟ್ಟಿದ್ದು ಇನ್ನೊಂದು ಕಾರಣಕ್ಕೆ. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಕಣ್ಣಿನೊಳಗೆ ನೋಡುವ ಉಪಕರಣ ಕೊಟ್ಟಾಗ, ಗ್ಲಾಕೋಮಾದಲ್ಲಿ ದೃಷ್ಟಿ ನರದ ತುದಿ ಉಬ್ಬಿದೆ ಅಂತ ಗ್ರೇಫೆ ಬರೆದರು. ನಿಜಕ್ಕೂ ಅದು ಒಳಗೆ ಕುಳಿಬಿದ್ದಿರುತ್ತದೆ. ಗೊತ್ತಾದ ಮೇಲೆ ತಾವೇ ತಿದ್ದಿ ಪ್ರಕಟಿಸಿದರು. ಅಷ್ಟು ಹೆಸರು ಮಾಡಿದವರು ಹಾಗೆ ಮಾಡುವುದು ಸುಲಭವಲ್ಲ, ಅಲ್ವಾ? ಕ್ಷಯದಿಂದ 1870ರಲ್ಲಿ ತೀರಿಕೊಂಡಾಗ ಅವರಿಗೆ ಬರೀ 42.

ಈಗ ನಾನು ಕತ್ತರಿ ಹಿಡಿಯುವುದು ಅಪರೂಪ. ಔಷಧಿಯಿಂದ ಒತ್ತಡ ಇಳಿಸಿ, ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ) ಮಸುಕು ಕಳೆಯುವವರೆಗೆ ಕಾಯುತ್ತೇನೆ. ಪೈಲೋಕಾರ್ಪಿನ್ ಹನಿ ಹಾಕಿದರೆ ಐರಿಸ್ ಬಿಗಿಯಾಗಿ ತೆಳ್ಳಗಾಗುತ್ತದೆ. ಮರಗಟ್ಟಿಸುವ ಹನಿ ಹಾಕಿ, ಕಣ್ಣಿನ ಮೇಲೆ ಲೆನ್ಸ್ ಇಟ್ಟು, ಐರಿಸ್‌ನ ಅಂಚಿನ ಹತ್ತಿರ ತೆಳುವಾದ ಜಾಗ ಹುಡುಕಿ ಯಾಗ್ ಲೇಸರ್ ಹೊಡೆಯುತ್ತೇನೆ. ತೂತು ಪೂರ್ತಿ ಬಿದ್ದ ಕ್ಷಣ ಹಿಂದಿನ ನೀರು ಬಣ್ಣದ ಕಣಗಳ ಜೊತೆ ಮುಂದಕ್ಕೆ ನುಗ್ಗುತ್ತದೆ. ಅದು ಕಾಣುವವರೆಗೆ ನಾನು ಬಿಡುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಒತ್ತಡ ಅಳೆಯುತ್ತೇನೆ, ಯಾಕೆಂದರೆ ಲೇಸರ್ ಆದ ಕೂಡಲೇ ಅದು ಏರುವುದುಂಟು.

ಇನ್ನೊಂದು ಕಣ್ಣು ಚೆನ್ನಾಗಿದೆ, ಅದಕ್ಕೆ ಲೇಸರ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಆ ಕಣ್ಣಿನ ರಚನೆಯೂ ಸಾಮಾನ್ಯವಾಗಿ ಹಾಗೇ ಇರುತ್ತದೆ, ಇವತ್ತಲ್ಲ ನಾಳೆ ಅದಕ್ಕೂ ಬರಬಹುದು ಅಂತ ಹೇಳಿ, ಅದಕ್ಕೂ ಮಾಡಿಸಿಕೊಳ್ಳಲು ಒಪ್ಪಿಸುತ್ತೇನೆ.