ಒಮೆಗಾ ಸೆಂಟಾರಿಯನ್ನು ಬಿಳಿ ಮುದ್ದೆ ಮಾಡದೆ ಫೋಟೊ ತೆಗೆಯುವುದು ಹೇಗೆ?

ಒಮೆಗಾ ಸೆಂಟಾರಿ ಎಂದು ಜನ ತೋರಿಸುವ ಫೋಟೊಗಳಲ್ಲಿ ಹೆಚ್ಚಿನವು ಬರೀ ಬಿಳಿ ಮುದ್ದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ ಅದು. ಉಪ್ಪಿಟ್ಟಿನ ಹಾಗೆ ಉದುರುದುರಾಗಿ ಕಾಣಬೇಕು, ಅಲ್ವಾ?

ಮೊದಲು ಹುಡುಕಿ. ಏಪ್ರಿಲ್ ಮಧ್ಯದಲ್ಲಿ ನಡುರಾತ್ರಿ, ಮೇ ಮಧ್ಯದಲ್ಲಿ ರಾತ್ರಿ ಹತ್ತರ ಸುಮಾರಿಗೆ ಇದು ನೇರ ದಕ್ಷಿಣದಲ್ಲಿರುತ್ತದೆ. ಬೆಂಗಳೂರಿನ ಕಡೆಯಿಂದ ದಿಗಂತಕ್ಕಿಂತ ಸುಮಾರು 30 ಡಿಗ್ರಿ ಮೇಲೆ. ಕೈ ಚಾಚಿ ಮುಷ್ಟಿ ಹಿಡಿದರೆ ಮೂರು ಮುಷ್ಟಿ. ದಕ್ಷಿಣಕ್ಕೆ ಊರಿನ ಬೆಳಕಿಲ್ಲದ ಜಾಗ ಬೇಕು. ಲಂಡನ್ನಿನವರಿಗೆ ಇದು ಮೇಲೇಳುವುದೇ ಇಲ್ಲ. 1677ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡ್ಮಂಡ್ ಹ್ಯಾಲಿ ಇದನ್ನು ಗುರುತಿಸಿದ್ದೂ ದಕ್ಷಿಣ ಅಟ್ಲಾಂಟಿಕ್ಕಿನ ಸೇಂಟ್ ಹೆಲೆನಾ ದ್ವೀಪದಿಂದ.

200 ಎಂಎಂ ಲೆನ್ಸ್, ಟ್ರ್ಯಾಕರ್ (ಆಕಾಶದ ಚಲನೆಗೆ ತಕ್ಕಂತೆ ಕ್ಯಾಮೆರಾ ತಿರುಗಿಸುವ ಸಾಧನ), ಐಎಸ್‌ಒ 800, 30 ಸೆಕೆಂಡಿನ ನೂರು ಫೋಟೊ. ರಾ ಫೈಲೇ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲು) ಇರಲಿ. ಫೋಕಸ್‌ಗೆ ಬಾಟಿನೋವ್ ಮಾಸ್ಕ್ (ಲೆನ್ಸಿನ ಮುಂದೆ ಇಡುವ ಸೀಳುಗಳ ಮುಚ್ಚಳ) ಹಾಕಿ. ಆಟೊ ಫೋಕಸ್ ನಂಬಬೇಡಿ. ಡಾರ್ಕ್‌ಗೆ (ಸೆನ್ಸರಿನ ನಾಯ್ಸ್ ಕಳೆಯುವ ಫೋಟೊ) ಲೆನ್ಸ್ ಮುಚ್ಚಿ, ಫ್ಲಾಟ್‌ಗೆ (ಅಂಚಿನ ಕಪ್ಪು, ಧೂಳಿನ ಕಲೆ ಕಳೆಯುವ ಫೋಟೊ) ಬಿಳಿ ಬನಿಯನ್ ಹೊದಿಸಿ. ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕ್ ಮಾಡಿ, ಅಂದರೆ ಎಲ್ಲ ಫೋಟೊ ಸೇರಿಸಿ ಒಂದು ಮಾಡಿ. ಸಿರಿಲ್ ಪುಕ್ಕಟೆ.

ಎಡವುವುದು ಇಲ್ಲಿಂದ ಮುಂದೆ. ಸ್ಟ್ಯಾಕ್ ಆದ ಚಿತ್ರ ಕಪ್ಪಗೆ ಕಾಣುತ್ತದೆ. ಗಾಬರಿ ಬಿದ್ದು ಜನ ಆಟೊ ಸ್ಟ್ರೆಚ್ (ಮಂಕು ಭಾಗವನ್ನು ತಾನಾಗಿ ಬೆಳಗಿಸುವ ಗುಂಡಿ) ಒತ್ತಿ ಹಾಗೇ ಸೇವ್ ಮಾಡುತ್ತಾರೆ. ನಡುಭಾಗ ಸುಡುವುದು ಆಗಲೇ, ಕ್ಯಾಮೆರಾದಲ್ಲಲ್ಲ. ನಾನೂ ಒಂದು ವರ್ಷ ಸುಮ್ನೆ ಕ್ಯಾಮೆರಾವನ್ನು ಬೈದುಕೊಂಡಿದ್ದೆ.

ಆಟೊ ಸ್ಟ್ರೆಚ್ ಪರದೆಯಲ್ಲಿ ನೋಡುವುದಕ್ಕೆ ಮಾತ್ರ. ಮೊದಲು ಹಿನ್ನೆಲೆಯ ಬೆಳಕು ತೆಗೆದು, ಬಣ್ಣ ಸರಿಮಾಡಿ. ಆಮೇಲೆ ನೋಟವನ್ನು ಲೀನಿಯರ್‌ಗೆ (ಬೆಳಗಿಸದ ಮೂಲ ನೋಟ) ತಿರುಗಿಸಿ, ಮಂಕನ್ನು ಹೆಚ್ಚು, ಪ್ರಕಾಶವನ್ನು ಕಡಿಮೆ ಬೆಳಗಿಸುವ ಆಸಿಂಚ್ (asinh) ಸ್ಟ್ರೆಚ್ ಹಾಕಿ. ಒಂದೇ ಏಟಿಗೆ ಬೇಡ. ಸ್ವಲ್ಪ ಎಳೆಯಿರಿ, ನಡುಭಾಗವನ್ನು ದೊಡ್ಡದು ಮಾಡಿ ನೋಡಿ, ಮತ್ತೆ ಸ್ವಲ್ಪ ಎಳೆಯಿರಿ. ಚುಕ್ಕಿಗಳು ಒಂದಕ್ಕೊಂದು ಅಂಟಲು ಶುರುವಾದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ಅಂಚಿನ ಮಂಕು ನಕ್ಷತ್ರಗಳ ಆಸೆಗೆ ಜಾಸ್ತಿ ಎಳೆದರೆ ನಡುಭಾಗ ಹೋಯಿತೆಂದೇ ಲೆಕ್ಕ. ಅಂಚು ಸ್ವಲ್ಪ ಮಂಕಾಗಿದ್ದರೂ ಪರವಾಗಿಲ್ಲ. ಆಸಿಂಚ್‌ನಲ್ಲಿ ಬಣ್ಣವೂ ಉಳಿಯುತ್ತದೆ: ಕೆಂಪು ದೈತ್ಯ ನಕ್ಷತ್ರಗಳ ಕಿತ್ತಳೆ, ಅಲ್ಲಲ್ಲಿ ನೀಲಿ.

ಎಐ ಶಾರ್ಪನಿಂಗ್ ಬೇಡವೇ ಬೇಡ. ಮೋಡದಂಥ ಜಾಗದಲ್ಲಿ ಇಲ್ಲದ ನಕ್ಷತ್ರ ಹುಟ್ಟಿಸುತ್ತದೆ.

ಜೆಪಿಜಿ ಮಾಡಿ ಫೋನಿನಲ್ಲೊಮ್ಮೆ ನೋಡಿ. ಅಲ್ಲಿ ಮುದ್ದೆಯಾಗಿ ಕಂಡರೆ ಸ್ಟ್ಯಾಕ್ ಫೈಲಿಗೆ ವಾಪಸ್.