ಡ್ರಿಪ್ ಕುರ್ಚಿಯಲ್ಲಿ ಸಂಕೋಚ ಬೇಡ

ನನ್ನ ಕೈಯಿಂದಲೇ ಆದ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ಒಬ್ಬ ಟೀಚರಿಗೆ ಐರನ್ ಡ್ರಿಪ್ ಹಾಕಿದ್ದೆ. ಕಡು ಕಂದು ಬಣ್ಣದ ಔಷಧಿ ಅದು. ಸಲೈನ್‌ಗೆ ಬೆರೆಸಿದ ಮೇಲೂ ತುಕ್ಕು ನೀರಿನ ಹಾಗೆ ಕಾಣುತ್ತದೆ. ಕ್ಯಾನುಲಾ (ರಕ್ತನಾಳದೊಳಗೆ ಕೂರಿಸುವ ಸಣ್ಣ ಪ್ಲಾಸ್ಟಿಕ್ ಕೊಳವೆ) ಸಲೀಸಾಗಿ ಹೋಗಿತ್ತು. ಪ್ಲಾಸ್ಟರ್ ಅಂಟಿಸಿ, ಪಕ್ಕದ ಕುರ್ಚಿಯವರ ಬಿಪಿ ನೋಡಲು ತಿರುಗಿದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಕ್ಯಾನುಲಾ ಸುತ್ತ ಅರ್ಧ ನಿಂಬೆಹಣ್ಣಿನಷ್ಟು ಊತ. ಔಷಧಿ ರಕ್ತನಾಳ ಬಿಟ್ಟು ಚರ್ಮದ ಕೆಳಗೆ ಸೋರುತ್ತಿತ್ತು.

"ಉರೀತಿರಲಿಲ್ವಾ ಮೇಡಂ?" ಅಂದೆ.

"ಉರೀತಿತ್ತು ಸಿಸ್ಟರ್. ಐರನ್ ಅಂದ್ರೆ ಹಾಗೇ ಇರಬೇಕು ಅಂದ್ಕೊಂಡೆ. ನೀವು ಬೇರೆ ಬ್ಯುಸಿ ಇದ್ರಿ, ಯಾಕೆ ತೊಂದರೆ ಕೊಡೋದು ಅಂತ ಸುಮ್ನಿದ್ದೆ."

ಆ ಸುಮ್ಮನಿದ್ದ ಹತ್ತು ನಿಮಿಷಕ್ಕೆ ಅವರ ಮುಂಗೈ ಮೇಲೆ ಅಂಗೈ ಅಗಲದ ಕಂದು ಕಲೆ ಉಳಿಯಿತು. ವರ್ಷಗಳಾದವು, ತಿಳಿಯಾಗಿದೆ, ಹೋಗಿಲ್ಲ. ತಪ್ಪು ನನ್ನದೇ. ಮೊದಲ ಐದು ನಿಮಿಷ ನಾನು ಅಲ್ಲಿಂದ ಕದಲಬಾರದಿತ್ತು. ಆದರೆ ಅವರು ಒಂದು ಸಲ "ಸಿಸ್ಟರ್" ಅಂದಿದ್ದರೂ ಸಾಕಿತ್ತು.

ಖಾಸಗಿ ಕ್ಲಿನಿಕ್ಕುಗಳ ಡ್ರಿಪ್ ರೂಮಿನಲ್ಲಿ ನಾನು ಕೆಲಸ ಮಾಡುತ್ತಿರುವುದು 17 ವರ್ಷದಿಂದ. ಈಗಿರುವ ಕಡೆ ಮೂರು ಒರಗು ಕುರ್ಚಿ, ಮೂರು ಸ್ಟ್ಯಾಂಡು, ಒಂದು ಔಷಧಿ ಟ್ರಾಲಿ, ಅಷ್ಟೇ. ಬರುವವರಲ್ಲಿ ಮುಕ್ಕಾಲು ಪಾಲು ಜನರಿಗೆ ಸೂಜಿಗಿಂತ ಬಾಯಿ ಬಿಟ್ಟು ಕೇಳೋದೇ ಭಯ. ಏನೇನು ಕೇಳಬೇಕು, ಯಾವಾಗ ಹೇಳಬೇಕು ಅನ್ನೋದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಹೆಸರು ಕೇಳಿ

"ಶಕ್ತಿ ಇಂಜೆಕ್ಷನ್" ಅನ್ನೋದು ಔಷಧಿಯ ಹೆಸರಲ್ಲ. "ಪವರ್ ಡ್ರಿಪ್" ಕೂಡ ಅಲ್ಲ. ಒಳಗೆ ಏನಿದೆ, ಎಷ್ಟಿದೆ, ಯಾಕೆ ಬೇಕು, ಅದೇ ಔಷಧಿ ಮಾತ್ರೆಯಲ್ಲಿ ಯಾಕೆ ಆಗಲ್ಲ ಎಂದು ಕೇಳಿ. ಕೊನೆಯ ಪ್ರಶ್ನೆಯೇ ಮುಖ್ಯ. ಸೂಜಿಯಲ್ಲಿ ಕೊಟ್ಟರೆ ಜಾಸ್ತಿ ಪವರ್ ಅನ್ನೋ ನಂಬಿಕೆ ಎಷ್ಟು ಗಟ್ಟಿ ಅಂದರೆ, ಡಾಕ್ಟರ್ ಮಾತ್ರೆ ಸಾಕು ಅಂದರೂ ಕೆಲವರು ನನ್ನ ಹತ್ತಿರ ಬಂದು "ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ ಸಿಸ್ಟರ್, ತುಂಬಾ ಸುಸ್ತು" ಅನ್ನುತ್ತಾರೆ.

ಆ ಬಾಟ್ಲಿಯಲ್ಲಿ ಏನಿದೆ ಅಂತ ಲೆಕ್ಕ ಹಾಕೋಣ. 5 ಪರ್ಸೆಂಟ್ ಡೆಕ್ಸ್‌ಟ್ರೋಸ್, 500 ಎಂಎಲ್. ಅಂದರೆ ಅರ್ಧ ಲೀಟರ್ ನೀರಿನಲ್ಲಿ 25 ಗ್ರಾಂ ಸಕ್ಕರೆ. ಐದಾರು ಟೀ ಚಮಚ. ಸುಮಾರು 85 ಕ್ಯಾಲೊರಿ. ನಾರ್ಮಲ್ ಸಲೈನ್ ಆದರೆ ಅದೂ ಇಲ್ಲ. ಅರ್ಧ ಲೀಟರಿಗೆ ನಾಲ್ಕೂವರೆ ಗ್ರಾಂ ಉಪ್ಪು, ಅಷ್ಟೇ. ವಾಂತಿ ನಿಲ್ಲದೆ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದವರಿಗೆ ಇದು ಜೀವ ಉಳಿಸುತ್ತದೆ. ಕುಡಿಯಲು ಆಗುವವರಿಗೆ ಲೋಟವೇ ಸಾಕು. ಹಾರ್ಟ್ ಅಥವಾ ಕಿಡ್ನಿ ತೊಂದರೆ ಇದ್ದವರಿಗಂತೂ ಸುಮ್ನೆ ಹಾಕಿದ ಬಾಟ್ಲಿ ಉಸಿರಾಟಕ್ಕೇ ಕಷ್ಟ ತರಬಹುದು.

ಬಿ12 ಕಥೆಯೂ ಹೀಗೇ. ಹೊಟ್ಟೆಯ ಆಪರೇಷನ್ ಆಗಿ ಅಥವಾ ಬೇರೆ ಕಾಯಿಲೆಯಿಂದ ಬಿ12 ಹೀರಿಕೊಳ್ಳಲು ಆಗದವರಿಗೆ, ಕೊರತೆ ಜಾಸ್ತಿಯಾಗಿ ಕೈಕಾಲು ಜೋಮು ಹಿಡಿಯುವವರಿಗೆ ಇಂಜೆಕ್ಷನ್ ಬೇಕು. ಶುಗರಿಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲೂ ಬಿ12 ಇಳಿಯುವುದುಂಟು, ಅವರು ಟೆಸ್ಟ್ ಮಾಡಿಸಬೇಕು. ಆದರೆ ರಕ್ತದಲ್ಲಿ ಸಾಕಷ್ಟಿದ್ದವರಿಗೆ ಚುಚ್ಚಿದರೆ ಜಾಸ್ತಿಯಾಗಿದ್ದು ಮೂತ್ರದಲ್ಲಿ ಹೋಗುತ್ತದೆ. ಬಿ ಕಾಂಪ್ಲೆಕ್ಸ್ ಹಾಕಿಸಿಕೊಂಡ ದಿನ ಮೂತ್ರ ಕಡು ಹಳದಿಯಾಗುತ್ತದಲ್ವಾ? ಅದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನಿನ ಬಣ್ಣ. ಎಷ್ಟೋ ಜನ ಗಾಬರಿಯಾಗಿ ಫೋನ್ ಮಾಡುತ್ತಾರೆ.

ಐರನ್ ಡ್ರಿಪ್

ನನ್ನ ರೂಮಿನಲ್ಲಿ ನಿಜವಾಗಿ ಕೆಲಸ ಮಾಡುವ ಡ್ರಿಪ್ ಅಂದರೆ ಇದು. ಮಾತ್ರೆ ನುಂಗಿದರೆ ಹೊಟ್ಟೆ ಹಿಡಿಯದವರು, ಮುಟ್ಟಿನಲ್ಲಿ ತುಂಬಾ ರಕ್ತ ಹೋಗುವವರು, ಕರುಳಿನ ಕಾಯಿಲೆಯವರು ಬರುತ್ತಾರೆ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ, ಹಾಗಾಗಿ ನಾಲ್ಕೈದು ಸಲ ಬರಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಹಾಕಬಹುದು, ಕನಿಷ್ಠ 15 ನಿಮಿಷ ಹಿಡಿದು ನಿಧಾನಕ್ಕೆ ಹನಿಸಬೇಕು. ಬಸಿರಿನ ಮೊದಲ ಮೂರು ತಿಂಗಳಲ್ಲಿ ಹಾಕುವುದಿಲ್ಲ. ಜ್ವರ, ಸೋಂಕು ಇದ್ದರೆ ಮುಂದಕ್ಕೆ ಹಾಕುತ್ತೇವೆ. ಬಸಿರಿರಬಹುದು ಅನ್ನೋ ಅನುಮಾನ ಇದ್ದರೂ ಬಾಯಿ ಬಿಟ್ಟು ಹೇಳಿ.

ಮರುದಿನವೇ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ "ಏರೇ ಇಲ್ಲ" ಅಂತ ಬರುವವರಿದ್ದಾರೆ. ರಕ್ತ ತಯಾರಾಗಬೇಕಲ್ಲ! ಎರಡರಿಂದ ನಾಲ್ಕು ವಾರ ಕಾಯಿರಿ. ಮೈಯಲ್ಲಿ ಕೂಡಿಟ್ಟ ಐರನ್ ಎಷ್ಟಿದೆ ಅಂತ ಹೇಳುವ ಫೆರಿಟಿನ್ ಟೆಸ್ಟ್ ಅಂತೂ ನಾಲ್ಕು ವಾರದ ಒಳಗೆ ನೋಡಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ.

"ಟೆಸ್ಟ್ ಡೋಸ್ ಕೊಡಲ್ವಾ?" ಅಂತ ಹಳಬರು ಕೇಳುತ್ತಾರೆ. ಅಲರ್ಜಿ ಆಗುತ್ತಾ ಅಂತ ಮೊದಲು ಚೂರೇ ಚೂರು ಹಾಕಿ ನೋಡೋದು ಅದು. ಹಿಂದೆ ಕೊಡುತ್ತಿದ್ದೆವು. 2013ರಲ್ಲಿ ಯುರೋಪಿನ ಔಷಧಿ ನಿಯಂತ್ರಣ ಸಂಸ್ಥೆ ಐರನ್‌ಗೆ ಅದು ಬೇಡ ಅಂದಿತು. ಟೆಸ್ಟ್ ಡೋಸಿಗೆ ಏನೂ ಆಗದವರಿಗೂ ಆಮೇಲೆ ಅಲರ್ಜಿ ಆಗಬಹುದು, ಸುಮ್ಮನೆ ಧೈರ್ಯ ಬಂದು ಮೈಮರೆಯುತ್ತೇವೆ. ಅದರ ಬದಲು ಪ್ರತಿ ಸಲವೂ ಡ್ರಿಪ್ ಮುಗಿದ ಮೇಲೆ ಕನಿಷ್ಠ 30 ನಿಮಿಷ ಕೂರಿಸಿ ನೋಡಬೇಕು.

ಮೂಳೆಗೆ, ಕೀಲಿಗೆ

ಮೂಳೆ ಸವೆತಕ್ಕೆ ವರ್ಷಕ್ಕೊಂದು ಸಲ ಹಾಕುವ ಜೋಲೆಡ್ರೋನಿಕ್ ಆಸಿಡ್, 5 ಮಿಲಿಗ್ರಾಂ. ಮುಂಚೆ ಕಿಡ್ನಿ ಟೆಸ್ಟ್, ಕ್ಯಾಲ್ಸಿಯಂ ಟೆಸ್ಟ್ ಆಗಿರಬೇಕು. ಹಲ್ಲು ಕೀಳಿಸುವುದಿದ್ದರೆ ಅದನ್ನು ಮೊದಲು ಮುಗಿಸಿ. ಡ್ರಿಪ್ ದಿನ ಡಾಕ್ಟರ್ ಬೇಡ ಅನ್ನದಿದ್ದರೆ ಚೆನ್ನಾಗಿ ನೀರು ಕುಡಿದು ಬನ್ನಿ. ಮೊದಲ ಸಲ ಹಾಕಿಸಿಕೊಂಡವರಿಗೆ ಒಂದೆರಡು ದಿನ ಜ್ವರ, ಮೈಕೈ ನೋವು ಬರುವುದು ಸಾಮಾನ್ಯ. ಮುಂದಿನ ವರ್ಷಗಳಲ್ಲಿ ಇಷ್ಟಿರುವುದಿಲ್ಲ. ಕೀಲಿಗೆ ಸ್ಟಿರಾಯ್ಡ್ ಚುಚ್ಚಿಸಿಕೊಳ್ಳುವ ಶುಗರ್ ಇರುವವರು ಮುಂದಿನ ಕೆಲವು ದಿನ ಶುಗರ್ ನೋಡಿಕೊಳ್ಳುತ್ತಿರಿ, ಏರುತ್ತದೆ.

ವಿಟಮಿನ್ ಡ್ರಿಪ್ ಬಗ್ಗೆ ನನ್ನ ಅಭಿಪ್ರಾಯ

ಇದನ್ನು ಬರೆದರೆ ನಮ್ಮ ಮ್ಯಾನೇಜರಿಗೆ ಇಷ್ಟ ಆಗಲ್ಲ. ಇರಲಿ.

ಮೆನುಕಾರ್ಡಿನ ಹಾಗೆ ಹೆಸರಿಟ್ಟು ಮಾರುವ ಈ ಡ್ರಿಪ್‌ಗಳಲ್ಲಿ ತುಂಬಾ ಹೆಸರಾಗಿರುವುದು ಮೈಯರ್ಸ್ ಕಾಕ್‌ಟೇಲ್. ಅಮೆರಿಕದ ಬಾಲ್ಟಿಮೋರಿನ ಡಾಕ್ಟರ್ ಜಾನ್ ಮೈಯರ್ಸ್ ಅವರ ಹೆಸರು ಅದು. ಮೆಗ್ನೀಶಿಯಂ, ಕ್ಯಾಲ್ಸಿಯಂ, ಬಿ ಗುಂಪಿನ ವಿಟಮಿನ್ನು, ವಿಟಮಿನ್ ಸಿ. ಮೈಕೈ ನೋವಿನ ಫೈಬ್ರೋಮಯಾಲ್ಜಿಯ ಇದ್ದ 34 ಜನರ ಮೇಲೆ ಇದನ್ನು ಪರೀಕ್ಷಿಸಿದ ವರದಿ 2009ರಲ್ಲಿ ಬಂತು. ಕಾಕ್‌ಟೇಲ್ ಹಾಕಿಸಿಕೊಂಡವರೂ ಹಗುರಾದರು, ವಿಟಮಿನ್ ಇಲ್ಲದ ಬರೀ ಡ್ರಿಪ್ ಹಾಕಿಸಿಕೊಂಡವರೂ ಹಗುರಾದರು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನಾನು ನೋಡಿದ್ದೂ ಅದೇ. ಫೋನ್ ಆಫ್ ಮಾಡಿ ಮುಕ್ಕಾಲು ಗಂಟೆ ಕಾಲು ಚಾಚಿ ಮಲಗಿದರೆ ಯಾರಿಗೆ ಹಗುರ ಅನ್ನಿಸಲ್ಲ? ಮೆಗ್ನೀಶಿಯಂ ಹೋಗುವಾಗ ಮೈ ಬೆಚ್ಚಗಾಗುತ್ತದೆ, "ಪವರ್ ಏರ್ತಿದೆ" ಅಂತ ಖುಷಿಪಡುತ್ತಾರೆ.

ಹಾಕಿಸಿಕೊಳ್ಳಲೇಬೇಕು ಅಂತಿದ್ದರೆ ಒಂದು ಎಚ್ಚರಿಕೆ. ಜಾಸ್ತಿ ಡೋಸಿನ ವಿಟಮಿನ್ ಸಿ ಆದರೆ ಮೊದಲು ಜಿ6ಪಿಡಿ ಅನ್ನೋ ರಕ್ತ ಪರೀಕ್ಷೆ ಆಗಬೇಕು. ಆ ಕಿಣ್ವದ ಕೊರತೆ ಇದ್ದವರಲ್ಲಿ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಕಿಡ್ನಿ ಕಲ್ಲು ಇದ್ದವರಿಗೂ ಬೇಡ. ಹಾಕಿಸಿಕೊಂಡ ಮೇಲೆ ಬೆರಳು ಚುಚ್ಚಿ ಶುಗರ್ ನೋಡುವ ಕೆಲವು ಮೀಟರುಗಳು ಸುಳ್ಳೇ ಜಾಸ್ತಿ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಅಪಾಯ. ಬಣ್ಣ ಬಿಳಿಯಾಗಲು ಗ್ಲುಟಾಥಯೋನ್ ಕೇಳಿಕೊಂಡು ಬರುವವರಿಗೆ ನನ್ನದು ಒಂದೇ ಮಾತು: ಬೇಡ. ಅದಕ್ಕೆ ಗಟ್ಟಿ ಆಧಾರವಿಲ್ಲ, ಅಲರ್ಜಿಯ ಅಪಾಯ ಇದೆ.

ಬರುವ ದಿನ

ಖಾಲಿ ಹೊಟ್ಟೆಯಲ್ಲಿ ಬರಬೇಕು ಅಂತ ಹೇಳಿರದಿದ್ದರೆ ತಿಂದು ಬನ್ನಿ, ನೀರು ಕುಡಿದು ಬನ್ನಿ. ನೀರು ಕಮ್ಮಿಯಾದರೆ ನರ ಸಿಗಲ್ಲ. (ನರ ಅನ್ನೋದು ನಮ್ಮ ಬಾಯಿ ಮಾತು, ನಾವು ಹುಡುಕೋದು ರಕ್ತನಾಳವನ್ನು.) ತಣ್ಣಗಿರುವ ಕೈ ಆದರೆ ಬೆಚ್ಚಗಿನ ಬಟ್ಟೆ ಸುತ್ತಿ ಐದು ನಿಮಿಷ ಕೆಳಗೆ ಇಳಿಬಿಟ್ಟರೆ ಉಬ್ಬಿ ಬರುತ್ತವೆ. ತಿನ್ನುತ್ತಿರುವ ಮಾತ್ರೆಗಳ ಫೋಟೋ ಇರಲಿ, ಅದರಲ್ಲೂ ರಕ್ತ ತೆಳು ಮಾಡುವ ಮಾತ್ರೆ. ಅದನ್ನು ತಿನ್ನುವವರಿಗೆ ಸ್ನಾಯುವಿಗೆ ಚುಚ್ಚಿದರೆ ಒಳಗೆ ರಕ್ತ ಗಂಟು ಕಟ್ಟಬಹುದು. ಸ್ತನದ ಆಪರೇಷನ್‌ನಲ್ಲಿ ಕಂಕುಳ ಗಂಟು ತೆಗೆಸಿಕೊಂಡಿದ್ದರೆ, ಆ ಕಡೆಯ ಕೈ ಯಾವುದು ಅಂತ ಮೊದಲೇ ಹೇಳಿ.

ಸೂಜಿ ನೋಡಿದರೆ ಕಣ್ಣು ಕತ್ತಲೆ ಕಟ್ಟುತ್ತದೆ ಅನ್ನುವವರು ಅದನ್ನೂ ಹೇಳಿ. ನಾಚಿಕೆ ಏನಿಲ್ಲ, ಆರಡಿ ಆಳುಗಳೇ ಬಿದ್ದಿದ್ದಾರೆ. ಮಲಗಿಸಿ ಚುಚ್ಚುತ್ತೇವೆ. ಚುಚ್ಚುವ ಕೈ ಸಡಿಲ ಬಿಟ್ಟು, ಕಾಲು, ಹೊಟ್ಟೆ, ಇನ್ನೊಂದು ಕೈ ಹತ್ತು ಹದಿನೈದು ಸೆಕೆಂಡ್ ಬಿಗಿ ಹಿಡಿಯಿರಿ, ಸ್ವಲ್ಪ ಬಿಡಿ, ಮತ್ತೆ ಬಿಗಿ ಹಿಡಿಯಿರಿ. ಬಿಪಿ ಇಳಿಯದೆ ನಿಲ್ಲುತ್ತದೆ.

ನಮ್ಮ ಕೈ ನೋಡಿ. ಕೈ ತೊಳೆದೆವಾ? ಸಿರಿಂಜಿನ ಪ್ಯಾಕೆಟ್ ನಿಮ್ಮೆದುರೇ ಹರಿದೆವಾ? ಸೂಜಿ ಬದಲಿಸಿ ಹಳೇ ಸಿರಿಂಜೇ ಬಳಸಿದರೆ ಅದು ಹೊಸದಲ್ಲ, ರಕ್ತ ಸಿರಿಂಜಿಗೂ ಬಂದಿರುತ್ತದೆ. ಹಲವರಿಗೆ ಬಳಸುವ ವಯಲ್ (ಔಷಧಿಯ ಸಣ್ಣ ಬಾಟ್ಲಿ) ಆದರೆ ತೆರೆದ ದಿನಾಂಕ ಬರೆದಿರಬೇಕು, ಸಾಮಾನ್ಯವಾಗಿ 28 ದಿನಕ್ಕೆ ಎಸೆಯಬೇಕು. ಸ್ಪಿರಿಟ್ ಒರೆಸಿದ ಮೇಲೆ ಒಣಗಲು ಬಿಡಬೇಕು, ಊದಬಾರದು. ನೀವು ನೋಡುತ್ತಿದ್ದೀರಿ ಅಂತ ಒಳ್ಳೆ ನರ್ಸ್‌ಗೆ ಬೇಜಾರಾಗಲ್ಲ. "ಅಡ್ರಿನಲಿನ್ ಇದೆಯಾ?" ಅಂತಲೂ ಕೇಳಿ. ಜೋರು ಅಲರ್ಜಿ ಆದರೆ ತಕ್ಷಣ ಚುಚ್ಚುವ ಔಷಧಿ ಅದು. ನನ್ನದು ಟ್ರಾಲಿಯ ಮೇಲಿನ ಕೆಂಪು ಟ್ರೇಯಲ್ಲಿದೆ, ಪ್ರತಿ ತಿಂಗಳ ಒಂದನೇ ತಾರೀಕು ಎಕ್ಸ್‌ಪೈರಿ ನೋಡುತ್ತೇನೆ. ಅದೇನು ಅಂತ ತಿರುಗಿ ಕೇಳುವ ಕ್ಲಿನಿಕ್ ಆದರೆ ಎದ್ದು ಬನ್ನಿ.

ಹನಿ ಬೀಳುವಾಗ

ಕ್ಯಾನುಲಾ ಹೋದ ಮೇಲೆ ಮೊದಲ ಐದು ನಿಮಿಷ ಫೋನ್ ಪಕ್ಕಕ್ಕಿಡಿ. ಕೈ ಕಡೆ ಗಮನ ಇರಲಿ. ಚುಚ್ಚಿದ ಜಾಗ ಉರಿಯುತ್ತಾ? ಬಿಗಿಯುತ್ತಾ? ತಣ್ಣಗಾಗಿ ಊದುತ್ತಾ? ತಕ್ಷಣ ಕರೆಯಿರಿ. ಸರಿಯಾಗಿ ಕೂತ ಕ್ಯಾನುಲಾ ನೋಯುವುದಿಲ್ಲ.

ಆಮೇಲೆ ಹನಿ. ಸಾಮಾನ್ಯ ಸೆಟ್‌ನಲ್ಲಿ 20 ಹನಿಗೆ ಒಂದು ಎಂಎಲ್, ಪ್ಯಾಕೆಟ್ ಮೇಲೆ ಬರೆದಿರುತ್ತದೆ. 500 ಎಂಎಲ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಅಂದರೆ ನಿಮಿಷಕ್ಕೆ 42 ಹನಿ. ಹದಿನೈದು ಸೆಕೆಂಡಿಗೆ ಹತ್ತೋ ಹನ್ನೊಂದೋ. ಬೇಜಾರಾದಾಗ ಎಣಿಸಿ, ಒಳ್ಳೆ ಟೈಂಪಾಸು. ಆದರೆ ಬೇಗ ಮನೆಗೆ ಹೋಗಬೇಕು ಅಂತ ಪೈಪಿನ ಮೇಲೆ ಹನಿ ಏರಿಳಿಸುವ ಆ ಚಕ್ರವನ್ನು ನೀವೇ ತಿರುಗಿಸಬೇಡಿ. ಜೊತೆಗೆ ಬಂದವರಿಗಂತೂ ಈ ಚಟ ಜಾಸ್ತಿ.

ಬಾಟ್ಲಿ ಖಾಲಿಯಾದರೆ ಗಾಳಿ ಒಳಗೆ ಹೋಗಿ ಸತ್ತುಹೋಗುತ್ತೇವೆ ಅನ್ನೋ ಭಯ ಎಲ್ಲರಿಗೂ ಇದೆ. ಹಾಗಾಗಲ್ಲ. ನೀರಿನ ಒತ್ತಡ ರಕ್ತದ ಒತ್ತಡಕ್ಕೆ ಸಮವಾದ ಕೂಡಲೇ ಪೈಪಿನಲ್ಲಿ ಹನಿ ನಿಂತುಬಿಡುತ್ತದೆ. ಪೈಪಿನಲ್ಲಿ ಕಾಣುವ ಒಂದೆರಡು ಸಣ್ಣ ಗುಳ್ಳೆಯಿಂದಲೂ ಏನೂ ಆಗಲ್ಲ. ಸ್ವಲ್ಪ ರಕ್ತ ಪೈಪಿಗೆ ವಾಪಸ್ ಬಂದರೆ ಕೈ ಕೆಳಗಿಳಿಸಿ, ನಮ್ಮನ್ನು ಕರೆಯಿರಿ, ಅಷ್ಟೇ.

ಗಾಬರಿ ಆಗಬೇಕಾದದ್ದು ಬೇರೆ. ಮೈಯೆಲ್ಲ ತುರಿಕೆ, ದದ್ದು, ತುಟಿ ನಾಲಿಗೆ ಊದುವುದು, ಗಂಟಲು ಬಿಗಿಯುವುದು, ಧ್ವನಿ ಬದಲಾಗುವುದು, ಉಸಿರು ಕಟ್ಟುವುದು, ತಲೆ ತಿರುಗುವುದು. "ಯಾಕೋ ಏನೋ ಆಗ್ತಿದೆ" ಅನ್ನೋ ಹೇಳಲಾಗದ ಭಯ ಕೂಡ ಲಕ್ಷಣವೇ. ಆಗ ಡ್ರಿಪ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು, ತಡ ಮಾಡುವಂತಿಲ್ಲ. ಐರನ್ ಹೋಗುವಾಗ ಕೆಲವರಿಗೆ ಮುಖ ಕೆಂಪಾಗಿ ಎದೆ, ಬೆನ್ನು ಬಿಗಿದ ಹಾಗಾಗುತ್ತದೆ. ಬಿಪಿ ಇಳಿದಿರುವುದಿಲ್ಲ, ಉಬ್ಬಸ ಇರುವುದಿಲ್ಲ, ಡ್ರಿಪ್ ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಯಾವುದು ಯಾವುದು ಅಂತ ತೀರ್ಮಾನ ಮಾಡೋದು ನಮ್ಮ ಕೆಲಸ. ನಿಮ್ಮದು ಹೇಳೋದು.

ಮನೆಗೆ ಹೋದ ಮೇಲೆ

ಹತ್ತಿ ಒತ್ತಿ ಹಿಡಿಯಿರಿ, ಉಜ್ಜಬೇಡಿ, ಮೊಣಕೈ ಮಡಚಬೇಡಿ. ಮಡಚಿದರೆ ನೀಲಿ ಗಟ್ಟುವುದೇ ಜಾಸ್ತಿ. ಸೊಂಟಕ್ಕೆ ಚುಚ್ಚಿದ ಮೇಲೆ ಕಾಲಿನುದ್ದಕ್ಕೂ ಶಾಕ್ ಹೊಡೆದ ಹಾಗಾದರೆ, ಮರಗಟ್ಟಿದರೆ, ಅದು ಮಾಮೂಲಿ ನೋವಲ್ಲ, ಅವತ್ತೇ ತೋರಿಸಿ. ಕ್ಯಾನುಲಾ ಇದ್ದ ಕಡೆ ಕೆಂಪಗೆ, ಬಿಸಿಯಾಗಿ, ಮುಟ್ಟಿದರೆ ಹಗ್ಗದ ಹಾಗೆ ಗಟ್ಟಿಯಾದ ಗೆರೆ ಸಿಕ್ಕಿದರೂ ಅಷ್ಟೇ. ಚಳಿ ಜ್ವರ ಬಂದರೆ ಕಾಯಬೇಡಿ.

ಹೊರಡುವ ಮುಂಚೆ ಔಷಧಿಯ ಹೆಸರು, ಡೋಸು, ಬ್ಯಾಚ್ ನಂಬರು ಬರೆಸಿಕೊಳ್ಳಿ. ವಯಲ್ ಮೇಲಿನ ಲೇಬಲ್ಲಿನ ಫೋಟೋ ಆದರೂ ಸಾಕು. ಇನ್ನೊಂದು ಕೇಳಿಕೊಳ್ಳಿ: ಕ್ಲಿನಿಕ್ ಬಾಗಿಲು ಹಾಕಿದ ಮೇಲೆ ಯಾರಿಗೆ ಫೋನ್ ಮಾಡಬೇಕು? ರಿಸೆಪ್ಷನ್ ನಂಬರ್ ಕೊಟ್ಟರೆ ಸಾಲದು, ರಾತ್ರಿ ಅದು ರಿಂಗ್ ಆಗ್ತಾನೇ ಇರುತ್ತದೆ.